ಹಸಿ ಬಾಣಂತಿಯ ಮೈ ಲೆಕ್ಕ

ಹೊಸದಾಗಿ ಹೆತ್ತವಳನ್ನು ರಾಯಚೂರು ಸೀಮೆಯಲ್ಲಿ ‘ಹಸಿ ಬಾಣಂತಿ’ ಎನ್ನುವುದುಂಟು. ಹೊರಸಿನ ಕೆಳಗೆ ಕೆಂಡ, ಕಿವಿಗೆ ಬಟ್ಟೆ, ಹೊಟ್ಟೆಗೆ ಬಿಗಿದ ಸೀರೆ, ತಿನ್ನಲು ಅಂಟಿನುಂಡಿ: ಎಲ್ಲವೂ ಆ ಹಸಿಯನ್ನು ಆರಿಸಿ ಮೈಯನ್ನು ಗಟ್ಟಿ ಮಾಡುವ ಉಪಾಯಗಳು. ಹೆಸರಿನಲ್ಲಿ ಹುರುಳಿಲ್ಲದೆ ಇಲ್ಲ. ಬಸಿರಿನಲ್ಲಿ ರಕ್ತವೂ ಮೈನೀರೂ ಹೆಚ್ಚುತ್ತವೆ. ಹೆರಿಗೆಯ ನಂತರದ ದಿನಗಳಲ್ಲಿ ಮೊದಲು ಇಳಿಯುವುದು ಈ ನೀರೇ. ಆದರೆ ಅದು ತಾನಾಗಿಯೇ ಇಳಿಯುತ್ತದೆ. ಬಾಣಂತಿಗೆ ಕುಡಿಯುವ ನೀರನ್ನು ಕಡಿಮೆ ಮಾಡುವ ಹಳೆಯ ಕಟ್ಟಳೆಗೆ ಆಧಾರವಿಲ್ಲ.

ನೀರು ಇಳಿದ ಮೇಲೆ ಉಳಿಯುವುದು ಕೊಬ್ಬು. ಹೈಟನ್ ಮತ್ತು ಲೀಚ್ ಎಂಬ ವಿಜ್ಞಾನಿಗಳು 1964ರ ತಮ್ಮ ಗ್ರಂಥದಲ್ಲಿ, ಬಸಿರಿನಲ್ಲಿ ಏರುವ ಸರಾಸರಿ 12.5 ಕಿಲೊ ತೂಕದಲ್ಲಿ 3ರಿಂದ 4 ಕಿಲೊ ಕೊಬ್ಬೆಂದು ಲೆಕ್ಕ ಕೊಟ್ಟರು. ಸೊಂಟ, ತೊಡೆಗಳಲ್ಲಿ ಕೂಡುವ ಇದು ಹಾಲೂಡಿಸುವ ತಿಂಗಳುಗಳಿಗೆ ಕಟ್ಟಿಟ್ಟ ಬುತ್ತಿ. ಅದು ಬ್ರಿಟನ್ನಿನ ಹೆಂಗಸರ ಲೆಕ್ಕ. ನಮ್ಮ ಬಡ ಬಸುರಿಯರ ತೂಕ ಅದರ ಅರ್ಧದಷ್ಟು, ಸುಮಾರು 6 ಕಿಲೊ ಮಾತ್ರ ಏರುವುದನ್ನು ಪೌಷ್ಟಿಕ ವಿಜ್ಞಾನಿ ಸಿ. ಗೋಪಾಲನ್ ಅದೇ ಕಾಲಕ್ಕೆ ತೋರಿಸಿದ್ದರು. ಆದರೂ ಈ ತಾಯಂದಿರ ಹಾಲು ಬತ್ತುತ್ತಿರಲಿಲ್ಲ. ಬುತ್ತಿ ಇಲ್ಲದಾಗ ತಾಯಿಯ ಮೈಯೇ ತೆರಬೇಕಾಗುತ್ತದೆ.

ಒಣಕೊಬ್ಬರಿ, ಉತ್ತತ್ತಿ, ತುಪ್ಪ, ಬೆಲ್ಲ ಸೇರಿದ ಅಂಟಿನುಂಡಿ ಈ ಸಾಲವನ್ನು ತೀರಿಸಬಲ್ಲದು. ಹಾಲೂಡಿಸುವವಳಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಎಡದಂಡೆ ಕಾಲುವೆಯ ನೀರು ಕಂಡ ಮಾನ್ವಿಯ ಗದ್ದೆಯವರ ಮನೆಗೆ ಇದು ದೊಡ್ಡ ಮಾತಲ್ಲ. ದೇವದುರ್ಗದಿಂದ ಗುಳೆ ಹೋಗುವ ಕೂಲಿಯವಳಿಗೆ ಉಂಡಿಯೂ ಇಲ್ಲ, ಹೊರಸಿನ ಮೇಲೆ ಮಲಗುವ ಪುರುಸೊತ್ತೂ ಇಲ್ಲ.

ಸರಕಾರದ ‘ಮಾತೃಪೂರ್ಣ’ ಯೋಜನೆಯನ್ನು 2017ರಲ್ಲಿ ಮೊದಲು ಪ್ರಯೋಗಕ್ಕೆ ಇಳಿಸಿದ ನಾಲ್ಕು ತಾಲ್ಲೂಕುಗಳಲ್ಲಿ ಮಾನ್ವಿಯೂ ಒಂದು. ಅದೇ ಅಕ್ಟೋಬರ್ 2ರಂದು ಅದು ನಾಡಿಗೆಲ್ಲ ಬಂತು. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಬಸುರಿ, ಬಾಣಂತಿಯರು ಅಂಗನವಾಡಿಗೆ ಬಂದು ಅಲ್ಲಿಯೇ ಉಣ್ಣಬೇಕು. ಮನೆಗೆ ಕೊಟ್ಟರೆ ಪಾಲಾಗಿಬಿಡುತ್ತದೆ ಎಂಬ ಲೆಕ್ಕ ಸರಿಯಾದುದೇ. ಆದರೆ ಹಸಿ ಬಾಣಂತಿ ಹೊಸ್ತಿಲು ದಾಟುವಂತಿಲ್ಲವಲ್ಲ! ಮೈಗೆ ಅನ್ನ ಅತಿ ಹೆಚ್ಚು ಬೇಕಾದ ವಾರಗಳಲ್ಲೇ ಅವಳು ಮನೆಯೊಳಗೆ. 2020ರ ಕೋವಿಡ್ ದಿನಗಳಲ್ಲಿ ಅಂಗನವಾಡಿಗಳು ಮುಚ್ಚಿ, ಪದಾರ್ಥಗಳೇ ಮನೆಬಾಗಿಲಿಗೆ ಬಂದವು. ಆಗ ಹೊಸ್ತಿಲ ತೊಡಕು ಕಳೆಯಿತು, ಪಾಲಿನ ತೊಡಕು ಮರಳಿತು.