ಗಾಳದ ತುದಿಯಲ್ಲಿ ಒಂದು ಚಿಟಿಕೆ ಕೂದಲು

ಮೊದಲ ಚಿತ್ರದಲ್ಲಿರೋದು ಹುಳ ಅಲ್ಲ. ಗಾಳದ ಮುಳ್ಳಿಗೆ ದಾರದಿಂದ ಸುತ್ತಿ ಕಟ್ಟಿದ ಮೇಕೆ ಬಾಲದ ಕೂದಲು. ನೀರಲ್ಲಿ ಅಲ್ಲಾಡಿದರೆ ಮೀನಿನ ಕಣ್ಣಿಗೆ ಹುಳದ ಹಾಗೇ ಕಾಣುತ್ತೆ. ಇದಕ್ಕೆ 'ಫ್ಲೈ' ಅಂತಾರೆ.

ಇದನ್ನ ಕಟ್ಟೋ ಹವ್ಯಾಸಿಗಳಲ್ಲಿ 'ಸ್ವಾಪ್' ಅಂತ ಒಂದು ರೂಢಿ ಇದೆ. ಹತ್ತು ಜನ ಸೇರಿದರೆ ಒಬ್ಬೊಬ್ಬರೂ ಒಂದೇ ಥರದ ಹತ್ತು ಫ್ಲೈ ಕಟ್ಟಿ ಒಬ್ಬರಿಗೆ ಕಳಿಸ್ತಾರೆ. ಅವರು ಹಂಚಿ, ಎಲ್ಲರಿಗೂ ಹತ್ತು ಥರದ್ದು ವಾಪಸ್ ಕಳಿಸ್ತಾರೆ. "ಈ ಸಲ ಯಾರೂ ಬಳಸದ ಕೂದಲು ತನ್ನಿ" ಅಂದರಂತೂ ಪೈಪೋಟಿನೇ. ಆ ಅಪರೂಪದ ಕೂದಲು ಎಲ್ಲಿಂದ ಬರುತ್ತೆ? ಇವತ್ತಿನ ಕತೆ ಅದೇ.

👉 ಎರಡನೇ ಚಿತ್ರ
ಸುಮಾರು 1,800 ವರ್ಷಗಳ ಹಿಂದೆ ರೋಮಿನ ಈಲಿಯನ್ ಅನ್ನೋ ಲೇಖಕ, ಮ್ಯಾಸಿಡೋನಿಯಾದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಸೇರಿಸಿ ಮೀನು ಹಿಡಿಯೋದನ್ನ ಬರೆದಿದ್ದಾನೆ. ಗಮನಿಸಿ: ಉಣ್ಣೆ ಮತ್ತು ಹುಂಜದ ಗರಿ. ಎರಡೂ ಮನೆ ಹಿಂದೆ ಸಿಗೋ ವಸ್ತು.

ನಮ್ಮಲ್ಲೂ ಗಾಳದ ವಿನೋದ ಹಳೇದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ (12ನೇ ಶತಮಾನ) 'ಮತ್ಸ್ಯವಿನೋದ' ಅಂತ ಒಂದು ಭಾಗವೇ ಇದೆ. ಆದರೆ ಅಲ್ಲಿ ಮೀನಿಗೆ ಹಾಕೋದು ತಿನ್ನೋ ಪದಾರ್ಥ. ಕಾವೇರಿ ಕಡೆ ಮಹಶೀರ್ ಹಿಡಿಯೋರು ನಂಬಿದ್ದೂ ರಾಗಿ ಹಿಟ್ಟಿನ ಉಂಡೆಯನ್ನೇ.

👉 ಮೂರನೇ ಚಿತ್ರ
ಬ್ರಿಟಿಷರ ಕಾಲಕ್ಕೆ ಲೆಕ್ಕ ಬದಲಾಯ್ತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯ್ತು. ಅದು ಇಲ್ಲಿನ ನದಿಗಳಲ್ಲಿ ಮೀನು ಹಿಡಿಯೋಕೆ ಬಂದವರ ಕತೆ. ಅದೇ ಕಾಲದಲ್ಲಿ ಇಲ್ಲಿನ ಕಾಡಿನ ವಸ್ತು ಅಲ್ಲಿನ ನದಿಗೂ ಹೋಗ್ತಿತ್ತು.

ಆ ವಸ್ತು ಬೂದು ಕಾಡುಕೋಳಿ ಹುಂಜದ ಕತ್ತಿನ ಗರಿ. ಕಪ್ಪು ಗರಿ ಮೇಲೆ ಮೇಣ ಹಚ್ಚಿದಂಥ ಬಿಳಿ-ಹಳದಿ ಚುಕ್ಕೆ, ಥೇಟ್ ಕಣ್ಣಿನ ಹಾಗೆ. ಸಾಲ್ಮನ್ ಹಿಡಿಯೋ ಇಂಗ್ಲಿಷ್ ಫ್ಲೈಗಳಿಗೆ ಅದೇ ಶೋಭೆ. ಕತ್ತಿನ ಗರಿ ಬೇಕಂದ್ರೆ ಹಕ್ಕಿ ಸಾಯಬೇಕು. ಟೋಪಿಗೆ, ಗಾಳಕ್ಕೆ ಅಂತ ಹಕ್ಕಿಗಳ ಸಾಗಾಟ ಮಿತಿಮೀರಿದಾಗ, 1902ರಲ್ಲಿ ಸರ್ಕಾರ ಕಾಡುಹಕ್ಕಿಗಳ ಗರಿ ರಫ್ತನ್ನ ನಿಷೇಧಿಸಿತು. ಕಳ್ಳಸಾಗಣೆ ಮಾತ್ರ ನಿಲ್ಲಲಿಲ್ಲ.

👉 ನಾಲ್ಕನೇ ಚಿತ್ರ
ಹಕ್ಕಿ ಆಯ್ತು, ಕೂದಲಿಗೆ ಬನ್ನಿ. ತುದಿ ಚೂಪಾಗಿ, ಒದ್ದೆಯಾದರೂ ಆಕಾರ ಬಿಡದ ಕೂದಲು ಬೇಕು ಅಂದರೆ ನೆನಪಾಗೋದು ಮುಂಗುಸಿ. ಪೇಂಟಿಂಗ್ ಬ್ರಷ್‌ಗೆ ಅದನ್ನ ಕೊಂದಿದ್ದೂ ಇದೇ ಕಾರಣಕ್ಕೆ. ಒಂದು ಕೆ.ಜಿ. ಕೂದಲಿಗೆ ಸುಮಾರು 50 ಮುಂಗುಸಿ ಅನ್ನೋದು ವನ್ಯಜೀವಿ ರಕ್ಷಕರ ಲೆಕ್ಕ. 2019ರಲ್ಲಿ ಈ ಬ್ರಷ್‌ಗಳ ಮೇಲೆ ದೇಶದ ಹಲವು ಕಡೆ ದಾಳಿ ನಡೆಯಿತು. ಮುಂಗುಸಿ, ಕಾಡುಕೋಳಿ ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. "ಹಳೇ ಬ್ರಷ್‌ನಿಂದ ಕಿತ್ತಿದ್ದು, ತಾತನ ಕಾಲದ್ದು" ಅಂತ ಸ್ವಾಪ್ ಕವರಿಗೆ ಹಾಕೋಕೆ ಹೋಗಬೇಡಿ. ಒಂದು ಚಿಟಿಕೆ ಆದರೂ ಅದು ವನ್ಯಜೀವಿಯ ಭಾಗವೇ.

👉 ಕೊನೇ ಚಿತ್ರ
ಹಾಗಾದ್ರೆ ಏನು ಕಟ್ಟೋದು? ನಂದಗುಡಿ ಹೋಬಳಿಯ ಯಾವುದೇ ಊರಲ್ಲಿ ಒಂದು ಸುತ್ತು ಹಾಕಿ. ಮೇಕೆ ಬಾಲ, ಕುರಿ ಉಣ್ಣೆ, ಕರುವಿನ ಬಾಲದ ತುದಿ, ಎಮ್ಮೆ ಕಿವಿಯ ಕೂದಲು, ನಾಟಿ ಹುಂಜ ಉದುರಿಸಿದ ಗರಿ. ಕರುವಿನ ಬಾಲದ ಕೂದಲನ್ನ ವಿದೇಶದಲ್ಲಿ ಫ್ಲೈಗೆ ಅಂತಲೇ ಪ್ಯಾಕೆಟ್ ಮಾಡಿ ಮಾರ್ತಾರೆ! ಇಲ್ಲಿ ಸಾಕಿದವರನ್ನ ಕೇಳಿದ್ರೆ ಕತ್ತರಿಯಲ್ಲಿ ಒಂದು ಚಿಟಿಕೆ ಕತ್ತರಿಸಿ ಕೊಟ್ಟಾರು. ಪ್ರಾಣಿ ಮೇಯ್ತಾನೇ ಇರುತ್ತೆ, ಕೂದಲು ಮತ್ತೆ ಬೆಳೆಯುತ್ತೆ.

ಸೋಪು ನೀರಲ್ಲಿ ತೊಳೆದು, ಒಣಗಿಸಿ, ಯಾವ ಪ್ರಾಣಿ, ಯಾವ ಊರು ಅಂತ ಚೀಟಿ ಬರೆದು ಕಳಿಸಿ. ಹೊರದೇಶಕ್ಕಾದರೆ ಆ ದೇಶದ ನಿಯಮ ಮೊದಲು ನೋಡ್ಕೊಳ್ಳಿ. ಸ್ಕಾಟ್ಲೆಂಡಿನವರಿಗೆ 'ನಂದಗುಡಿ ಮೇಕೆ' ಅನ್ನೋದಕ್ಕಿಂತ ಅಪರೂಪದ್ದು ಇನ್ನೇನಿದೆ ಹೇಳಿ?

ನಿಮ್ಮೂರ ಕಡೆ ಗಾಳಕ್ಕೆ ಏನು ಸಿಕ್ಕಿಸ್ತಾರೆ? ಎರೆಹುಳ, ರಾಗಿ ಮುದ್ದೆ, ಬೇರೇನಾದ್ರೂ? ಕೆಳಗೆ ಬರೀರಿ 👇

#ನಂದಗುಡಿ #ಹೊಸಕೋಟೆ #ಗಾಳದಕತೆ #ಕನ್ನಡಇತಿಹಾಸ