ಹಜ್ರತ್ ಹಂಝಾರ ಮಗಳು ಮತ್ತು ನಮ್ಮ ಊರಿನ ಮಕ್ಕಳು

ಹಿಜರಿ 7ನೇ ವರ್ಷದ ಮಾತು. ಪ್ರವಾದಿವರ್ಯರು(ಸ) ಉಮ್ರಾ ಮುಗಿಸಿ ಮಕ್ಕಾದಿಂದ ಹೊರಟಾಗ, ಉಹುದ್‌ನಲ್ಲಿ ಶಹೀದರಾದ ಹಜ್ರತ್ ಹಂಝಾ(ರ)ರ ಪುಟ್ಟ ಮಗಳು ಅವರ ಹಿಂದೆ ಬಂದಳು. ಅವಳನ್ನು ಸಾಕುವ ಹಕ್ಕು ತನ್ನದೆಂದು ಹಜ್ರತ್ ಅಲಿ, ಜಾಫರ್ ಮತ್ತು ಝೈದ್(ರ) ಮೂವರೂ ಮುಂದೆ ಬಂದರು. ಜಾಫರ್‌ರ ಮಡದಿ ಆ ಮಗುವಿನ ತಾಯಿಯ ಸಹೋದರಿ. ಖಾಲಾ ತಾಯಿಯ ಸ್ಥಾನದಲ್ಲಿರುವವಳು ಎಂದು ಹೇಳಿ ಪ್ರವಾದಿವರ್ಯರು(ಸ) ಮಗುವನ್ನು ಆ ಮನೆಗೆ ಒಪ್ಪಿಸಿದರು.

ಅಂದು ಒಂದು ಮಗುವಿಗಾಗಿ ಮೂವರು ಕೈ ಚಾಚಿದ್ದರು. ಇಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ನಾವು ಕಾಣುವ ನೋವೇ ಬೇರೆ. ತಲಾಕ್ ಅಥವಾ ಖುಲಾ ಆದ ಮೇಲೆ ಕೆಲವು ತಂದೆಯರು ಮಗುವಿನ ಮುಖ ನೋಡುವುದಿಲ್ಲ, ಖರ್ಚಿಗೂ ಕೊಡುವುದಿಲ್ಲ. ಮಗು ಹೇಗೂ ನನ್ನ ಬಳಿಯೇ ಇದೆ, ಕೋರ್ಟು ಯಾಕೆ ಎಂದು ತಾಯಿಯೂ ಸುಮ್ಮನಾಗುತ್ತಾಳೆ. ಆ ಮೌನದಿಂದ ನಷ್ಟವಾಗುವುದು ಮಗುವಿಗೆ.

ಮಗುವನ್ನು ಸಾಕುವ ಹೊಣೆಗೆ ನಮ್ಮ ಫಿಖ್‌ಹ್‌ನಲ್ಲಿ ಹಿಝಾನತ್ ಎನ್ನುತ್ತಾರೆ. ಗಂಡ ತಲಾಕ್ ಕೊಟ್ಟು ಮಗುವನ್ನು ಕಿತ್ತುಕೊಳ್ಳಲು ಬಂದಿದ್ದಾನೆಂದು ದೂರಿದ ಮಹಿಳೆಗೆ, ನೀನು ಮರುಮದುವೆಯಾಗುವವರೆಗೆ ನಿನಗೇ ಹೆಚ್ಚು ಹಕ್ಕು ಎಂದು ಪ್ರವಾದಿವರ್ಯರು(ಸ) ತೀರ್ಪು ನೀಡಿದರು. ಖಲೀಫಾ ಅಬೂಬಕರ್(ರ)ರ ಕಾಲದಲ್ಲಿ ಹಜ್ರತ್ ಉಮರ್(ರ)ರಂಥವರೇ ತಮ್ಮ ಮಗ ಆಸಿಮ್‌ನನ್ನು ಕರೆದೊಯ್ಯಲು ಹೋದಾಗ, ಮಗುವನ್ನು ನಾನಿಯ ಕಡೆಗೇ ಬಿಡುವಂತೆ ಖಲೀಫರು ಹೇಳಿದರು. ಉಮರ್(ರ) ಎದುರು ಮಾತಾಡಲಿಲ್ಲ. ಹನಫಿ ಮಸ್ಲಕಿನಲ್ಲಿ ಗಂಡುಮಗು 7 ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಬಳಿ ಇರಬೇಕೆಂಬುದು ಸಾಮಾನ್ಯ ನಿಯಮ.

ಮಗು ತಾಯಿಯ ಬಳಿ ಇದ್ದ ಮಾತ್ರಕ್ಕೆ ತಂದೆಯ ಹೊಣೆ ತೀರುವುದಿಲ್ಲ. ಅನ್ನ, ಬಟ್ಟೆಯ ಭಾರ ತಂದೆಯದೆಂದು ಸೂರಃ ಅಲ್ ಬಕರದ 233ನೇ ಆಯತ್ ತಿಳಿಸುತ್ತದೆ. ಗಂಡ ಸಾಕಷ್ಟು ಕೊಡುವುದಿಲ್ಲ ಎಂದು ಹಿಂದ್ ಬಿಂತ್ ಉತ್ಬಾ(ರ) ದೂರಿದಾಗ, ತನಗೂ ಮಕ್ಕಳಿಗೂ ಬೇಕಾದಷ್ಟನ್ನು ನ್ಯಾಯವಾಗಿ ತೆಗೆದುಕೊಳ್ಳಲು ಅವರಿಗೆ ಅನುಮತಿ ಸಿಕ್ಕಿತು.

ನಮ್ಮ ದೇಶದ ಕಾನೂನಿನ ಚರಿತ್ರೆಯಲ್ಲೂ ಇದೇ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯ 17ನೇ ಕಲಮು, ಪಾಲಕರನ್ನು ನೇಮಿಸುವಾಗ ವೈಯಕ್ತಿಕ ಕಾನೂನಿಗೆ ಅನುಗುಣವಾಗಿ ಮಗುವಿನ ಹಿತವನ್ನು ನೋಡಬೇಕೆನ್ನುತ್ತದೆ. 1918ರ ಇಮಾಂಬಂದಿ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲಿನ ತೀರ್ಪು ಬರೆದವರು ಸಯ್ಯಿದ್ ಅಮೀರ್ ಅಲಿ. ತಾಯಿಗೆ ಮಗುವನ್ನು ಸಾಕುವ ಹಕ್ಕಿದೆ, ಆದರೆ ನೇಮಕವಾಗದೆ ಮಗುವಿನ ಆಸ್ತಿಯ ವ್ಯವಹಾರ ಮಾಡುವ ಅಧಿಕಾರವಿಲ್ಲ ಎಂದು ಆ ತೀರ್ಪು ಹೇಳಿತು. ಸುಮ್ಮನಿರುವ ತಾಯಂದಿರು ಇದನ್ನು ಅರಿಯಬೇಕು. ನಾನಾ ಮಗುವಿನ ಹೆಸರಿಗೆ ಒಂದು ಸೈಟು ಹಿಬಾ ಮಾಡಿದ್ದರೂ, ಓದಿಗೆಂದು ಅದನ್ನು ಮಾರಬೇಕಾದಾಗ ತಾಯಿಯ ಸಹಿ ಸಾಲದು. ಕೋರ್ಟು ಅವಳನ್ನು ಪಾಲಕಿಯಾಗಿ ನೇಮಿಸಿ, ಮಾರಾಟಕ್ಕೂ ಅನುಮತಿ ಕೊಡಬೇಕು.

ಖರ್ಚಿನ ವಿಷಯದಲ್ಲಿ 1997ರ ನೂರ್ ಸಬಾ ಖಾತೂನ್ ಮೊಕದ್ದಮೆ ದೊಡ್ಡದು. 1986ರ ಕಾಯ್ದೆ ಬಂದಿದೆಯೆಂದು ಮಕ್ಕಳ ಜೀವನಾಂಶ ಎರಡು ವರ್ಷಕ್ಕೇ ಮುಗಿಯುವುದಿಲ್ಲ, ತಲಾಕ್ ಆದ ಮೇಲೂ ಶಕ್ತಿಯುಳ್ಳ ತಂದೆ ಮಕ್ಕಳನ್ನು ಪೋಷಿಸಲೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಪಾಲನೆಯ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿ ಹಾಕಬೇಕು. ತಂದೆ ಬೆಂಗಳೂರಿನಲ್ಲಿರಲಿ, ಗಲ್ಫಿನಲ್ಲಿರಲಿ, ತಾಯಿ ಅಲ್ಲಿಗೆ ಅಲೆಯಬೇಕಿಲ್ಲ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಮೇಲೆ ನಮ್ಮ ನಾಲ್ಕೂ ತಾಲೂಕುಗಳಿಗೆ ಜಿಲ್ಲಾ ಕೇಂದ್ರ ಚಿಕ್ಕಬಳ್ಳಾಪುರವೇ. ವಕೀಲರ ಫೀಸಿಗೆ ಹಣವಿಲ್ಲವೆಂದು ಹಿಂಜರಿಯುವುದೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ.

ಕೋರ್ಟಿನ ಕಾಗದ ಪಡೆದೆವೆಂದು ಮಗುವಿನ ಮನಸ್ಸಿನಲ್ಲಿ ತಂದೆಯ ಮೇಲೆ ದ್ವೇಷ ಬಿತ್ತಬಾರದು. ಅವನು ತೌಬಾ ಮಾಡಿ ಮಗುವನ್ನು ನೋಡಲು ಬಂದರೆ ಬಾಗಿಲು ತೆರೆದಿರಲಿ, ರಕ್ತಸಂಬಂಧ ಕಡಿಯುವುದು ದೊಡ್ಡ ಪಾಪ. ಜಮಾತಿನ ಹಿರಿಯರು ತಲಾಕ್ ಅಥವಾ ಖುಲಾದ ಮಾತುಕತೆಗೆ ಕುಳಿತಾಗ ಮಹರ್ ಮತ್ತು ಸಾಮಾನಿನ ಲೆಕ್ಕದ ಜೊತೆಗೆ, ಮಗು ಎಲ್ಲಿರುತ್ತದೆ, ತಿಂಗಳಿಗೆ ಎಷ್ಟು ಬರುತ್ತದೆ, ತಂದೆ ಯಾವಾಗ ನೋಡುತ್ತಾನೆ ಎಂಬುದನ್ನೂ ಬರೆಸಲಿ. ಹಂಝಾರ ಮಗಳಿಗೆ ಅಂದು ಮೂರು ಮನೆಗಳು ತೆರೆದಿದ್ದವು. ನಮ್ಮ ಮೊಹಲ್ಲಾದ ಮಗುವಿಗೆ ಒಂದಾದರೂ ಭದ್ರವಾಗಿರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ. ಅಲ್ಲಾಹನು ನಮ್ಮ ಮಕ್ಕಳ ಹಕ್ಕನ್ನು ಸಲ್ಲಿಸುವ ತೌಫೀಕನ್ನು ನಮಗೆ ಕರುಣಿಸಲಿ. ಆಮೀನ್.