ಸೊಂಡಿಲಿಯಿಂದ ಬಂದ ಹೊಗಳಿಕೆ

ವ್ಯವಹಾರದಲ್ಲಿ ಮೋಸಹೋಗದವನನ್ನು, ಎದುರಿಗಿರುವವನ ಮನಸ್ಸನ್ನು ಅವನು ಬಾಯಿ ತೆರೆಯುವ ಮುನ್ನವೇ ಅಳೆಯಬಲ್ಲವನನ್ನು ಇಂಗ್ಲಿಷಿನಲ್ಲಿ 'ಶ್ರೂಡ್' ಎನ್ನುತ್ತಾರೆ. ನಮ್ಮ ಪಟ್ಟಣಗಳಲ್ಲಿಯೂ ಈ ಮಾತು ಕಿವಿಗೆ ಬೀಳುವುದುಂಟು. ವಕೀಲರನ್ನೋ ವರ್ತಕರನ್ನೋ ಹಾಗೆಂದರೆ ಅವರಿಗೆ ಸಂತೋಷವೇ ಆಗುತ್ತದೆ. 14ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಾಗೆಂದಿದ್ದರೆ ಜಗಳವೇ ಆಗುತ್ತಿತ್ತು. ಆಗ ಅದರ ಅರ್ಥ ದುಷ್ಟ, ಕೇಡಿಗ ಎಂದು.

ಈ ಪದದ ಬುಡದಲ್ಲಿರುವುದು 'ಶ್ರೂ' ಎಂಬ ಸಣ್ಣ ಪ್ರಾಣಿಯ ಹೆಸರು. ನೋಡಲು ಇಲಿಯಂತಿದ್ದರೂ ಮೂತಿ ಉದ್ದ. ಹುಳುಹುಪ್ಪಟೆ ಇದರ ಆಹಾರ. ನಮ್ಮ ಸೊಂಡಿಲಿ ಇದರ ಬಳಗವೇ. ಇದು ಕಚ್ಚಿದರೆ ವಿಷವೇರುತ್ತದೆ, ಮಲಗಿದ ದನದ ಬೆನ್ನ ಮೇಲೆ ಹರಿದರೆ ದನ ಕುಂಟಾಗುತ್ತದೆ ಎಂದು ಅಲ್ಲಿಯ ಹಳ್ಳಿಗರು ನಂಬಿದ್ದರು. ಇದಕ್ಕೆ ಅವರು ಮಾಡುತ್ತಿದ್ದ ಪರಿಹಾರವನ್ನು ಗಿಲ್ಬರ್ಟ್ ವೈಟ್ ಎಂಬ ಪಾದ್ರಿ, ಸೆಲ್ಬೋರ್ನ್ ಗ್ರಾಮವನ್ನು ಕುರಿತ ತನ್ನ 1789ರ ಗ್ರಂಥದಲ್ಲಿ ವರ್ಣಿಸಿದ್ದಾನೆ. ಆಷ್ ಎಂಬ ಮರಕ್ಕೆ ಆಳವಾದ ರಂಧ್ರ ಕೊರೆದು, ಜೀವಂತ ಶ್ರೂವನ್ನು ಒಳಗಿಟ್ಟು ಬೆಣೆ ಹೊಡೆಯುತ್ತಿದ್ದರು. ಆಮೇಲೆ ಆ ಮರದ ರೆಂಬೆಯಿಂದ ದನದ ಕಾಲನ್ನು ಸವರಿದರೆ ನೋವು ಹೋಗುವುದೆಂದು ನಂಬಿಕೆ. ನೀರಿನ ಬಳಿ ವಾಸಿಸುವ ಒಂದು ಜಾತಿಯ ಶ್ರೂವಿನ ಜೊಲ್ಲಿನಲ್ಲಿ ಅಲ್ಪ ವಿಷವಿರುವುದು ನಿಜ. ದನವನ್ನು ಕುಂಟು ಮಾಡುವ ಶಕ್ತಿ ಮಾತ್ರ ಆ ಬಡಪ್ರಾಣಿಗಿಲ್ಲ.

ಹೆಸರು ಕೆಟ್ಟ ಪ್ರಾಣಿಯ ಹೆಸರು ಬೈಗುಳವಾಗುವುದು ಸಹಜ. 13ನೆಯ ಶತಮಾನದ ಹೊತ್ತಿಗೆ ದುಷ್ಟ ಗಂಡಸನ್ನು 'ಶ್ರೂ' ಎನ್ನುತ್ತಿದ್ದರು. ಅದಕ್ಕೆ ಪ್ರತ್ಯಯ ಸೇರಿ 'ಶ್ರೂಡ್' ಎಂಬ ವಿಶೇಷಣವಾಯಿತು. ಅದು ಮೊದಲು ಕೆಟ್ಟದ್ದಕ್ಕೆಲ್ಲ ಸಂದಿತು. ಬಳಿಕ ಬಲವಾದ ಪೆಟ್ಟಿಗೆ, ಮೈ ಕೊರೆಯುವ ಚಳಿಗಾಳಿಗೆ ಅನ್ವಯಿಸಿತು. ಕೊರೆಯುವುದು, ನಾಟುವುದು ಎಂಬ ಭಾವ ಗಾಳಿಯಿಂದ ಬುದ್ಧಿಗೆ ದಾಟಲು ಬಹಳ ದೂರವಿರಲಿಲ್ಲ. 16ನೆಯ ಶತಮಾನದಲ್ಲಿ ಕುಯುಕ್ತಿಯವನು ಶ್ರೂಡ್ ಎನಿಸಿದ. ಕ್ರಮೇಣ ಕು ಎಂಬುದು ಕಳಚಿ ಯುಕ್ತಿ ಉಳಿಯಿತು. ಆದರೂ 1755ರ ತನ್ನ ನಿಘಂಟಿನಲ್ಲಿ ಡಾಕ್ಟರ್ ಜಾನ್ಸನ್ ಈ ಪದಕ್ಕೆ ಕೇಡಿನ ಅರ್ಥವನ್ನೇ ಮುಂದಿಟ್ಟಿದ್ದಾನೆ.

ಇಂಥ ಏರಿಕೆ ನಮಗೂ ಹೊಸದಲ್ಲ. ಇಂದು ನಾವು ಮೆಚ್ಚಿ ಆಡುವ 'ಸಾಹಸ' ಎಂಬ ಪದ ಧರ್ಮಶಾಸ್ತ್ರಗಳಲ್ಲಿ ಬಲಾತ್ಕಾರದ ಅಪರಾಧಕ್ಕೆ ಹೆಸರು. ಇಂಗ್ಲಿಷಿನ 'ಕನ್ನಿಂಗ್' ಮಾತ್ರ ಎದುರು ದಾರಿ ಹಿಡಿಯಿತು. ತಿಳಿ ಎಂಬರ್ಥದ ಧಾತುವಿನಿಂದ ಹುಟ್ಟಿದ ಅದು 1611ರ ಬೈಬಲ್ ಅನುವಾದದಲ್ಲಿ ನುರಿತ ಕುಶಲಕರ್ಮಿಗೆ ವಿಶೇಷಣ, ಇಂದು ಕಪಟಿಗೆ. ಹೀಗೆ ಒಂದು ಪದ ಮೆಟ್ಟಿಲೇರುವಾಗ ಇನ್ನೊಂದು ಇಳಿಯಿತು.

ಆದರೆ ವಿಶೇಷಣ ಏರಿದಾಗ ಅದರ ತಾಯಿಯಾದ ನಾಮಪದ ಏರಲಿಲ್ಲ. ಗಂಡಸಿಗಿದ್ದ 'ಶ್ರೂ' ಎಂಬ ಬೈಗುಳ 14ನೆಯ ಶತಮಾನದಲ್ಲಿ ಹೆಂಗಸಿನತ್ತ ಹೊರಳಿ ಅವಳಿಗೇ ಅಂಟಿಕೊಂಡಿತು. ಗಯ್ಯಾಳಿಯನ್ನು ಪಳಗಿಸುವ ಷೇಕ್ಸ್‌ಪಿಯರನ ನಾಟಕದ ಹೆಸರಿನಲ್ಲೇ ಈ ಪದವಿದೆ. ಇದು ನಗೆಮಾತಿಗೇ ನಿಲ್ಲಲಿಲ್ಲ. ನೆರೆಯವರಿಗೆ ಕಿರುಕುಳವಾಗುವಷ್ಟು ಜಗಳವಾಡುವ ಹೆಂಗಸು ಇಂಗ್ಲೆಂಡಿನ ಕಾನೂನಿನಲ್ಲಿ ಅಪರಾಧಿ. ಅಂಥವಳನ್ನು ಕುರ್ಚಿಗೆ ಕಟ್ಟಿ ಕೆರೆಯಲ್ಲೋ ಹೊಳೆಯಲ್ಲೋ ಮುಳುಗಿಸಿ ಎತ್ತುತ್ತಿದ್ದರು. ಶಿಕ್ಷೆ 19ನೆಯ ಶತಮಾನದ ಆರಂಭಕ್ಕೆ ತಪ್ಪಿಹೋಯಿತು. ಅಪರಾಧವೆಂಬುದು ಕಾನೂನಿನ ಪುಸ್ತಕದಿಂದ ಅಳಿದದ್ದು 1967ರಲ್ಲಿ.

ಒಂದೇ ಬೇರಿನಿಂದ ವರ್ತಕನಿಗೆ ಹೊಗಳಿಕೆ ದೊರೆಯಿತು, ಅವನ ಮನೆಯಾಕೆಗೆ ತೆಗಳಿಕೆ. ಅವನು ಚೌಕಾಸಿ ಮಾಡಿದರೆ ಚಾಣಾಕ್ಷ; ಅವಳು ದನಿಯೆತ್ತಿದರೆ ಗಯ್ಯಾಳಿ. ಇದನ್ನು ಓದಿ ಇಂಗ್ಲಿಷರನ್ನು ಹಳಿಯುವ ಮುನ್ನ ನಮ್ಮ ನಿಘಂಟನ್ನೂ ಒಮ್ಮೆ ತಿರುವಿಹಾಕುವುದು ಒಳಿತು. ಗಯ್ಯಾಳಿ ಎಂಬ ಮಾತನ್ನು ನಮ್ಮಲ್ಲಿಯೂ ಗಂಡಸಿಗೆ ಯಾರೂ ಹೇಳುವುದಿಲ್ಲ. ಅಂಥ ಗಂಡಸರಿಗೆ ನಮ್ಮಲ್ಲೇನೂ ಕೊರತೆಯಿಲ್ಲ.